ಪರ್ಸಕ್ಕನ ಬಲಗೈ

ಡ್ರೈವರಣ್ಣನಿಗೆ ಒಂದು ಕೆಟ್ಟ ಚಾಳಿಯಿತ್ತು. ಏನೇ ಸೊಟ್ಟಗಿದ್ದರೂ ಅದನ್ನು ನೆಟ್ಟಗೆ ಮಾಡುವ ತನಕ ಅವನ ಕೈಗೆ ಸಮಾಧಾನವಿಲ್ಲ. ಗೋಡೆಯ ಕ್ಯಾಲೆಂಡರು, ಬಾಗಿಲ ಬಳಿಯ ಕಾಲೊರಸು, ಪಕ್ಕದ ಮನೆಯವರು ಅಡ್ಡಾದಿಡ್ಡಿ ನಿಲ್ಲಿಸಿದ ಸ್ಕೂಟರು, ಯಾವುದನ್ನೂ ಬಿಡುವ ಆಸಾಮಿಯಲ್ಲ. ಜೀವಮಾನವೆಲ್ಲ ಬಸ್ಸು ಓಡಿಸಿ, ಒಂದು ಗೀರೂ ಬೀಳದಂತೆ ಡಿಪೋಗೆ ಒಪ್ಪಿಸಿ ನಿವೃತ್ತನಾದವನು. ಅಷ್ಟೆಲ್ಲ ಮಾಡಿಯೂ ಬೀದಿಯಲ್ಲಿ ಅವನ ಗುರುತು ಮಾತ್ರ 'ಪರ್ಸಕ್ಕನ ಮನೆಯವರು' ಎಂದೇ. ಅವನಿಗೇನೂ ಬೇಜಾರಿರಲಿಲ್ಲ. ಬಸ್ಸು ಯಾರು ಬೇಕಾದರೂ ಓಡಿಸಬಹುದು, ನಮ್ಮವಳ ಹಾಗೆ ಪರ್ಸು ಮಾಡೋಕೆ ಯಾರಿಗೆ ಬರುತ್ತೆ ಅಂತ ಅವನೇ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ. ಅವಳ ಮುಂದೆ ಹೇಳುತ್ತಿರಲಿಲ್ಲ, ಅದು ಬೇರೆ ಮಾತು.

ಪರ್ಸಕ್ಕ ಮಾಡುತ್ತಿದ್ದದ್ದು ಮಣಿಯ ಪರ್ಸು. ಸಾಸಿವೆಗಿಂತ ಚೂರು ದೊಡ್ಡದಾದ ಗಾಜಿನ ಮಣಿ, ಕೂದಲಿನಷ್ಟು ಸಣ್ಣ ಸೂಜಿ. ಒಂದು ತಗಡಿನ ಡಬ್ಬಿಯ ಸುತ್ತ ಮೊದಲ ಸಾಲು ಕಟ್ಟಿಕೊಳ್ಳಬೇಕು. ಆಮೇಲೆ ಒಂದು ಮಣಿ ಎತ್ತು, ಕೆಳಸಾಲಿನಲ್ಲಿ ಒಂದನ್ನು ಬಿಡು, ಅದರ ಮುಂದಿನದರೊಳಗೆ ಸೂಜಿ ತೂರಿಸಿ ಎಳೆ. ಸಾಲಿನ ಮೇಲೆ ಸಾಲು ಏರುತ್ತ ಏರುತ್ತ ಡಬ್ಬಿಗೆ ಮಣಿಯ ಅಂಗಿ ತೊಡಿಸಿದ ಹಾಗಾಗುತ್ತದೆ. ಕೊನೆಗೆ ಅದನ್ನು ಡಬ್ಬಿಯಿಂದ ಜಾರಿಸಿ, ಒಳಮಗ್ಗುಲು ಹೊರಗೆ ಮಾಡಿ, ತಳ ಹೊಲಿದು, ಮತ್ತೆ ಸರಿಮಗ್ಗುಲಿಗೆ ತಿರುಗಿಸಿ, ಬಟ್ಟೆಯ ಲೈನಿಂಗ್ ಕೊಟ್ಟು, ಬಾಯಿಗೆ ಬಟನ್ ಹಚ್ಚಿದರೆ ಪರ್ಸು. ಹೇಳುವುದಕ್ಕೆ ಇಷ್ಟೇ. ಮಾಡಲು ಕೂತರೆ ಗೊತ್ತಾಗುತ್ತದೆ ಪಾಡು.

ಮನೆಯಲ್ಲಿ ಮಣಿ ಮುಟ್ಟುವ ಹಕ್ಕು ಬೇರೆ ಯಾರಿಗೂ ಇರಲಿಲ್ಲ. ಡ್ರೈವರಣ್ಣ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡಬಹುದಿತ್ತು, ಅಷ್ಟೇ. "ನೋಡೋಕೇನು ಟಿಕೆಟ್ ಇಲ್ಲ, ಎಷ್ಟು ಬೇಕಾದ್ರೂ ನೋಡಿ. ಕೈ ಮಾತ್ರ ನಿಮ್ಮ ಹತ್ರಾನೇ ಇಟ್ಕೊಳ್ಳಿ," ಅನ್ನುತ್ತಿದ್ದಳು. ಅವನು ನೋಡಿಯೇ ನೋಡಿದ. ನಿವೃತ್ತನಾದ ಮೇಲೆ ಅವನಿಗಿದ್ದ ಕೆಲಸವೇ ಅದು.

ಹೀಗಿರುವಾಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಪರ್ಸಕ್ಕನ ಕೈಯಿಂದ ಬ್ರಷ್ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ತಾನೂ ಬಿದ್ದಳು. ಲಕ್ವ ಅಂದರು. ಜೀವ ಉಳಿಯಿತು, ಮಾತು ತಡವರಿಸುತ್ತ ಬಂತು, ಕಾಲು ಎಳೆದುಕೊಂಡು ಬಂತು. ಬಲಗೈ ಮಾತ್ರ ಬರಲಿಲ್ಲ. ಯಾರದೋ ಸಾಮಾನನ್ನು ಮಡಿಲಲ್ಲಿಟ್ಟುಕೊಂಡು ಕಾಯುವವಳ ಹಾಗೆ ಅವಳು ಆ ಕೈಯನ್ನಿಟ್ಟುಕೊಂಡು ಕಿಟಕಿಯ ಬಳಿ ಕೂರುತ್ತಿದ್ದಳು. ಡ್ರೈವರಣ್ಣ ಮಣಿಯ ಡಬ್ಬಿಗಳನ್ನೆಲ್ಲ ಅವಳ ಕಣ್ಣಿಗೆ ಬೀಳದ ಹಾಗೆ ಬೀರುವಿನ ಮೇಲಿಟ್ಟ.

ಆಗ ಬಂದವಳು ಕಸರತ್ತಿನ ಹುಡುಗಿ. ಆಸ್ಪತ್ರೆಯವರು ಫಿಸಿಯೋ ಅಂತ ಕಳಿಸಿದ್ದು, ಈ ಹೆಸರಿಟ್ಟಿದ್ದು ಪರ್ಸಕ್ಕ. ಬೆನ್ನಿಗೊಂದು ಅವಳಿಗಿಂತ ದೊಡ್ಡ ಬ್ಯಾಗು, ಬಾಯಿ ಅದಕ್ಕಿಂತ ದೊಡ್ಡದು. ಮುಷ್ಟಿ ಕಟ್ಟಿದ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸುತ್ತಿದ್ದಳು. ಪರ್ಸಕ್ಕ ನೋವಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು. ಒಂದು ದಿನ ರೋಸಿ ಹೋಗಿ ಎಡಗೈಯಲ್ಲಿ ರಬ್ಬರ್ ಚೆಂಡು ಎತ್ತಿ ಆ ಹುಡುಗಿಯ ಮುಖಕ್ಕೇ ಎಸೆದಳು. ಡ್ರೈವರಣ್ಣ ಅಂದುಕೊಂಡ, ಇವಳು ಇನ್ನು ಈ ಕಡೆ ತಲೆ ಹಾಕುವುದಿಲ್ಲ ಅಂತ. ಹುಡುಗಿ ಚೆಂಡು ಎತ್ತಿಕೊಂಡು ಬಂದು ಮತ್ತೆ ಮುಂದೆ ಹಿಡಿದಳು.

"ಎಡಗೈ ಗುರಿ ಚೆನ್ನಾಗಿದೆ ಆಂಟಿ. ಈಗ ಬಲಗೈಲಿ ಎಸೀರಿ, ನೋಡೋಣ."

ತಿಂಗಳುಗಟ್ಟಲೆ ಹೀಗೇ ನಡೆಯಿತು. ಮೊದಲು ಹೆಬ್ಬೆರಳು ಅಲುಗಿತು. ಆಮೇಲೆ ಚಮಚ ಹಿಡಿಯಲು ಬಂತು, ಬಾಚಣಿಗೆ ಹಿಡಿಯಲು ಬಂತು. ಡ್ರೈವರಣ್ಣನ ಪಾಲಿಗೆ ಆ ಹುಡುಗಿ ದೇವರಿಗಿಂತ ಒಂದು ಕೈ ಮೇಲೆ. ಆದರೆ ಅವಳು ಬಂದಾಗ "ಬಾಮ್ಮ", ಹೊರಟಾಗ "ಹುಷಾರಮ್ಮ" ಅನ್ನುವುದನ್ನು ಬಿಟ್ಟರೆ ಅವನ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ.

ಒಂದು ದಿನ ಹುಡುಗಿ ಬ್ಯಾಗು ಹೆಗಲಿಗೇರಿಸುತ್ತ, ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ತನಗೆ ಕೆಲಸ ಸಿಕ್ಕಿದೆ, ಇನ್ನು ಸ್ವಲ್ಪ ದಿನ ಮಾತ್ರ ಬರುತ್ತೇನೆ ಅಂದಳು. ಅವಳು ಹೋದ ಮೇಲೆ ಪರ್ಸಕ್ಕ, "ಮಣಿ ಕೆಳಗಿಳಿಸಿ," ಅಂದಳು.

"ಯಾವ ಮಣಿ?"

"ಬೀರು ಮೇಲೆ ಬಚ್ಚಿಟ್ಟಿದ್ದೀರಲ್ಲ, ಅದು. ಆ ಹುಡುಗಿಗೊಂದು ಪರ್ಸ್ ಮಾಡ್ಬೇಕು."

"ಮಾಡಿಟ್ಟಿರೋದೇ ಇದ್ಯಲ್ಲೇ. ಆ ನೀಲಿದು ಕೊಡು, ಕುಣಿದಾಡ್ತಾಳೆ."

"ಅದು ಹಳೇ ಕೈಯದು," ಅಂದಳು ಪರ್ಸಕ್ಕ. ಮಾತು ನಿಧಾನವಾಗಿ, ಒಂದೊಂದನ್ನೇ ಆರಿಸಿ ತೆಗೆದ ಹಾಗೆ ಬರುತ್ತಿತ್ತು. "ಈ ಕೈ ವಾಪಸ್ ಕೊಟ್ಟೋಳು ಅವಳು. ಬಾಯಲ್ಲಿ ಥ್ಯಾಂಕ್ಸ್ ಅಂದ್ರೆ ಯಾವ ಮೂಲೆಗಾಯ್ತು? ಈ ಕೈಯೇ ಹೇಳ್ಬೇಕು. ಇನ್ನೊಂದು ಮಾತು ಕೇಳಿಸ್ಕೊಳ್ಳಿ. ನೀವು ಒಂದೇ ಒಂದು ಮಣಿ ಮುಟ್ಟಿದ್ರೂ ನನ್ನಾಣೆ."

"ಮುಟ್ಟಲ್ಲ ತಾಯಿ," ಅಂದ ಡ್ರೈವರಣ್ಣ. ಅಂದಾಗ ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ, ಪಾಪ.

ಹಸಿರು ಮಣಿ ಆರಿಸಿಕೊಂಡಳು. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಕೂತರೆ ಮಧ್ಯಾಹ್ನದ ಊಟದ ಹೊತ್ತಿಗೆ ಸಾಲು ಎರಡು ಆದರೆ ಹೆಚ್ಚು. ಮೊದಲ ದಿನವಂತೂ ಸೂಜಿ ಬಿತ್ತು, ಮಣಿ ಚೆಲ್ಲಿತು, ದಾರ ಸಿಕ್ಕಾಯಿತು. ಬೆರಳು ಮಡಿಚಲು ಬಂದಿತ್ತೇ ಹೊರತು ಬೆರಳ ತುದಿ ಇನ್ನೂ ಮರಗಟ್ಟಿಯೇ ಇತ್ತು. ಮುಟ್ಟಿದ್ದು ಸೂಜಿಯೋ ದಾರವೋ ಎಂದು ಕಣ್ಣಲ್ಲಿ ನೋಡಿಯೇ ತಿಳಿಯಬೇಕು. ಆದರೂ ಬಿಡಲಿಲ್ಲ. ಬೆವರು ಒರೆಸಿಕೊಂಡು, ಊಟ ಮಾಡಿ, ಮಾತ್ರೆ ನುಂಗಿ ಮಲಗಿದಳು. ಆ ಮಾತ್ರೆಗೆ ಕಣ್ಣು ಎಳೆದುಕೊಂಡು ಹೋಗುತ್ತಿತ್ತು.

ತಟ್ಟೆ ತೊಳೆದಿಟ್ಟು ಬಂದ ಡ್ರೈವರಣ್ಣ ಮೇಜಿನ ಮೇಲಿದ್ದ ಡಬ್ಬಿಯನ್ನು ನೋಡಿದ. ನೋಡಬಾರದಿತ್ತು. ಒಂದು ಕಡೆ ಎರಡು ಮಣಿ ಒಂದರ ಮೈಮೇಲೊಂದು ಬಿದ್ದುಕೊಂಡಿದ್ದವು, ಇನ್ನೊಂದು ಕಡೆ ಮಣಿಯೇ ಇರಲಿಲ್ಲ. ದಾರ ಸಡಿಲಾಗಿ ಸಾಲು ಇಳಿಜಾರಿನಲ್ಲಿ ನಿಲ್ಲಿಸಿದ ಬಸ್ಸಿನ ಹಾಗೆ ವಾಲಿತ್ತು. ಇದು ಅವಳ ಕೆಲಸವೇ? ಸಂಜೆ ಎದ್ದು ಕನ್ನಡಕ ಹಾಕಿಕೊಂಡು ನೋಡಿದರೆ ಅವಳ ಗತಿ ಏನು? ಮತ್ತೆ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂತುಬಿಟ್ಟರೆ? ಡ್ರೈವರಣ್ಣ ಅತ್ತ ಇತ್ತ ನೋಡಿ, ಸಾಲು ಬಿಚ್ಚಿ, ತಾನೇ ಹಾಕಿದ. ಇಷ್ಟು ವರ್ಷ ನೋಡಿದ್ದು ಕೈಗೆ ಹೇಗೋ ಬಂತು. ಬಿಚ್ಚಿಹೋದೀತು ಅನ್ನುವ ಭಯಕ್ಕೆ ಸಾಲಿನ ಕೊನೆಗೆ ಒಂದು ಗಂಟನ್ನೂ ಬಿಗಿದು, ಸೂಜಿಯ ತುದಿಯಿಂದ ಮಣಿಯ ಹಿಂದಕ್ಕೆ ತಳ್ಳಿದ.

ಸಂಜೆ ಕೂಗು ಕೇಳಿತು. "ರೀ! ಬನ್ನಿ ಇಲ್ಲಿ. ನೋಡಿ ಈ ಸಾಲು. ಬೆಳಿಗ್ಗೆ ಕೈ ಎಷ್ಟು ನಡುಗ್ತಿತ್ತು, ಆದ್ರೂ ನೋಡಿ!"

"ಭೇಷ್," ಅಂದ ಡ್ರೈವರಣ್ಣ. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಅಂಥ ಕಳೆ ಬಂದಿತ್ತು. ಆ ದಿನ ಇನ್ನೊಂದು ತುತ್ತು ಹೆಚ್ಚೇ ಉಂಡಳು. ಹೇಳಿ, ಇಂಥದ್ದನ್ನು ನೋಡಿದ ಗಂಡಸು ಮಾರನೆಯ ದಿನ ಸುಮ್ಮನಿರುತ್ತಾನೆಯೇ? ಅವನೂ ಸುಮ್ಮನಿರಲಿಲ್ಲ. ಮಧ್ಯಾಹ್ನ ಬಿಚ್ಚುವುದು, ಹಾಕುವುದು, ಗಂಟು ಬಿಗಿಯುವುದು. ಸಂಜೆ ಭೇಷ್ ಅನ್ನುವುದು. ಒಂದು ಸುಳ್ಳಿನ ಮೇಲೆ ಇನ್ನೊಂದು ಏರಿ ಪರ್ಸು ಬೆಳೆಯಿತು.

ಪರ್ಸು ಅರ್ಧಕ್ಕೆ ಬಂದಿರಬೇಕು. ಒಂದು ಮಧ್ಯಾಹ್ನ ಡ್ರೈವರಣ್ಣ ಅಭ್ಯಾಸದಂತೆ ಡಬ್ಬಿ ಎತ್ತಿಕೊಂಡು ಕೂತ. ಸೊಟ್ಟ ಎಲ್ಲಿದೆ ಅಂತ ಹುಡುಕಿದ. ಸಿಗಲಿಲ್ಲ. ಕಿಟಕಿಗೆ ಹಿಡಿದು ತಿರುಗಿಸಿ ನೋಡಿದ. ಬೆರಳಲ್ಲಿ ಸವರಿ ನೋಡಿದ. ಸಾಲು ಗೆರೆ ಎಳೆದ ಹಾಗಿತ್ತು. ಅವಳ ಕೈ ಬಂದಿತ್ತು! ಕೂಗಿ ಬೀದಿಗೆಲ್ಲ ಹೇಳಬೇಕು ಅನ್ನಿಸಿತು. ಮಲಗಿದವಳನ್ನು ಎಬ್ಬಿಸಿ ಹೇಳಬೇಕು ಅನ್ನಿಸಿತು. ಏನಂತ ಹೇಳುವುದು? ಇವತ್ತು ನಾನು ಬಿಚ್ಚಲಿಲ್ಲ ಕಣೇ ಅಂತಲೇ? ಡಬ್ಬಿಯನ್ನು ಇದ್ದ ಜಾಗದಲ್ಲಿಟ್ಟು ಮಂಕಾಗಿ ಕೂತ. ಅಲ್ಲಿಂದ ಮುಂದೆ ಅವನು ಒಂದು ಮಣಿಯನ್ನೂ ಮುಟ್ಟಲಿಲ್ಲ. ದಿನಾ ನೋಡುತ್ತಿದ್ದ, ಹೊಟ್ಟೆಗೆ ಹಾಲು ಹೊಯ್ದ ಹಾಗಾಗುತ್ತಿತ್ತು, ಬಾಯಿ ಮುಚ್ಚಿಕೊಂಡು ಏಳುತ್ತಿದ್ದ.

ಹುಡುಗಿ ಕೊನೆಯ ಸಲ ಬರುವ ಹಿಂದಿನ ದಿನ ಪರ್ಸು ಮುಗಿಯಿತು. ಲೈನಿಂಗಿಗೆ ನಿಂಬೆಹಣ್ಣಿನ ಬಣ್ಣದ ನಯವಾದ ಬಟ್ಟೆ ಕತ್ತರಿಸಿಯಾಗಿತ್ತು. ಪರ್ಸಕ್ಕ ಪರ್ಸನ್ನು ಡಬ್ಬಿಯಿಂದ ಜಾರಿಸಿ ಒಳಮಗ್ಗುಲು ಹೊರಗೆ ಮಾಡಿದಳು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಡ್ರೈವರಣ್ಣನಿಗೆ "ರೀ" ಅನ್ನುವ ಸಣ್ಣ ದನಿ ಕೇಳಿತು. ಸೋಸುವುದನ್ನು ಅಲ್ಲಿಗೇ ಬಿಟ್ಟು ಓಡಿ ಬಂದ.

"ಇದೇನ್ರೀ?"

ಪರ್ಸಕ್ಕ ತನ್ನ ಜನ್ಮದಲ್ಲಿ ಮಣಿಯ ದಾರಕ್ಕೆ ಗಂಟು ಹಾಕಿದವಳಲ್ಲ. ದಾರ ಮುಗಿದರೆ ತುದಿಯನ್ನು ಮಣಿಗಳೊಳಗೇ ಹಿಂದೆ ಮುಂದೆ ಓಡಿಸಿ ಅಡಗಿಸಿಬಿಡುವವಳು. ಇಲ್ಲಿ ನೋಡಿದರೆ ಒಂದರ ಮೇಲೊಂದು ಗಂಟು. ಅದೂ ಎಂಥ ಗಂಟು? ಬಸ್ಸಿನ ನೆತ್ತಿಯ ಮೇಲೆ ಸಾಮಾನು ಕಟ್ಟುವ ಗಂಟು. ಆ ಗಂಟನ್ನು ಆ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗದಲ್ಲಿ, ಹಳೇ ಪೇಪರಿನ ಕಟ್ಟಿನಲ್ಲಿ ಅವಳು ಎಷ್ಟು ವರ್ಷ ನೋಡಿಲ್ಲ? ನಾಲ್ಕೈದು ಕಂಡದ್ದೇ, ಮುಂದೆ ತಿರುಗಿಸಿ ನೋಡುವ ಮನಸ್ಸೂ ಅವಳಿಗೆ ಉಳಿಯಲಿಲ್ಲ.

ಬೈಯುತ್ತಾಳೆ ಅಂತ ಡ್ರೈವರಣ್ಣ ಕಾದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹಾಗಾದ್ರೆ ನನ್ನ ಕೈ ಬಂದೇ ಇಲ್ಲ," ಅಂದಳು ಪರ್ಸಕ್ಕ.

"ಬಂದಿದೆ ಕಣೇ! ಕೆಳಗೆ ಮಾತ್ರ ನಾನು... ಮೇಲಿನ ಅರ್ಧ ನಾನು ಮುಟ್ಟೇ ಇಲ್ಲ. ಸತ್ಯವಾಗ್ಲೂ."

"ದಿನಾ ಸಂಜೆ ಭೇಷ್ ಅಂತಿದ್ರಲ್ಲ, ಅದೂ ಸತ್ಯವಾಗ್ಲೂನೇ ಅಲ್ವಾ?"

ಡ್ರೈವರಣ್ಣ ಮೇಲಿನ ಅರ್ಧ ತೋರಿಸಲು ಕೈ ಚಾಚಿದರೆ ಪರ್ಸಕ್ಕ ಪರ್ಸನ್ನು ಹಿಂದಕ್ಕೆಳೆದುಕೊಂಡಳು.

"ಆ ಹುಡುಗಿ ಇಷ್ಟು ದಿನ ಪಟ್ಟ ಕಷ್ಟ ಎಲ್ಲ ನೀರಲ್ಲಿ ಹೋಮ ಆಯ್ತು. ನಾನು ಯಾವ ಮುಖ ಇಟ್ಕೊಂಡು ಇದನ್ನ ಅವಳಿಗೆ ಕೊಡಲಿ?" ಪರ್ಸನ್ನೂ ಲೈನಿಂಗನ್ನೂ ಎಡಗೈಯಲ್ಲಿ ಬಾಚಿ ಮೇಜಿನ ಡ್ರಾಯರಿಗೆ ತುರುಕಿದಳು. "ನಾಳೆ ಬಂದ್ರೆ ಕಾಫಿ ಕೊಟ್ಟು ಕಳಿಸಿ. ಪರ್ಸಿನ ವಿಷಯ ಎತ್ತಬೇಡಿ."

ಬಲಗೈ ಮತ್ತೆ ಮಡಿಲಿಗೆ ಹೋಯಿತು. ಅದನ್ನು ನೋಡಿ ಡ್ರೈವರಣ್ಣನಿಗೆ ತನ್ನ ಎರಡೂ ಕೈ ಕಡಿದು ಹಾಕಬೇಕು ಅನ್ನಿಸಿತು.

ಮಾರನೆಯ ದಿನ ಹುಡುಗಿ ನಗುನಗುತ್ತ ಬಂದಳು. ಬ್ಯಾಗಿನಿಂದ ಚೆಂಡು ತೆಗೆದು ಮುಂದೆ ಹಿಡಿದರೆ ಪರ್ಸಕ್ಕ ಕೈ ಎತ್ತಲಿಲ್ಲ. ಮುಖವನ್ನೂ ಎತ್ತಲಿಲ್ಲ.

"ಏನ್ ಆಂಟಿ, ಕೊನೇ ದಿನ ಮುಷ್ಕರನಾ? ನಾನು ಹೋಗ್ತೀನಿ ಅಂತ ಸಿಟ್ಟಾ?"

ಪರ್ಸಕ್ಕ ಇಲ್ಲವೆಂದು ತಲೆಯಾಡಿಸಿದಳು. ಬಾಗಿಲಲ್ಲಿ ನಿಂತಿದ್ದ ಡ್ರೈವರಣ್ಣನಿಗೆ ತಡೆಯಲಾಗಲಿಲ್ಲ. ಹೇಳಬೇಡಿ ಅಂದದ್ದು ನೆನಪಿತ್ತು. ನೆನಪಿದ್ದೂ ಸೀದಾ ಹೋಗಿ ಡ್ರಾಯರ್ ಎಳೆದು ಪರ್ಸು ತೆಗೆದು ಹುಡುಗಿಯ ಕೈಗಿಟ್ಟ.

"ನಿನಗೆ ಅಂತ ಮಾಡಿದ್ದು ಕಣಮ್ಮ. ಇವಳ ಬಲಗೈಲೇ ಮಾಡಿದ್ದು. ನಾನು ಹಾಳು ಮಾಡಿದೆ." ಮಧ್ಯಾಹ್ನಗಳ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ. "ಮೇಲಿನ ಅರ್ಧ ಇವಳದ್ದೇ. ಆದ್ರೆ ನನ್ನ ಮಾತು ಇವಳು ನಂಬಲ್ಲ. ನಂಬಬೇಕು ಅಂತ ಕೇಳೋ ಯೋಗ್ಯತೆನೂ ನನಗಿಲ್ಲ."

ಹುಡುಗಿಯ ಮುಖ ಕೆಂಪಗಾಯಿತು. ಅಷ್ಟು ದಿನ ಪರ್ಸಕ್ಕನ ಬೈಗುಳವನ್ನೆಲ್ಲ ನಕ್ಕು ನುಂಗಿದವಳು ಈಗ ಡ್ರೈವರಣ್ಣನನ್ನು ನೋಡಿದ ನೋಟಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಕೂತ್ಕೊಳ್ಳಿ ಅಂಕಲ್. ಅಲ್ಲಿ, ಆ ಕುರ್ಚಿ ಮೇಲೆ. ಕೈ ಕಟ್ಕೊಂಡು."

ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನ ಹಾಗೆ ಡ್ರೈವರಣ್ಣ ಕೂತ. ಹುಡುಗಿ ಒಳಮಗ್ಗುಲು ಹೊರಗಾಗಿದ್ದ ಪರ್ಸನ್ನು ಬೆಳಕಿಗೆ ಹಿಡಿದು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಇನ್ನೊಂದು ಸಲ ನೋಡಿದಳು. ಬಂದು ಪರ್ಸಕ್ಕನ ಮುಂದೆ ನೆಲದ ಮೇಲೆ ಕೂತು, ಪರ್ಸನ್ನು ಅವಳ ತೊಡೆಯ ಮೇಲೆ ಹರಡಿದಳು.

"ಕಣ್ಣು ಮುಚ್ಚಿ ಆಂಟಿ."

"ಬೇಡ ಪುಟ್ಟಿ. ನಂಗೆ ಇವತ್ತು ಏನೂ ಬೇಡ."

"ಇದೊಂದೇ. ಆಮೇಲೆ ಜನ್ಮದಲ್ಲಿ ಕಾಟ ಕೊಡಲ್ಲ."

ಪರ್ಸಕ್ಕ ಕಣ್ಣು ಮುಚ್ಚಿದಳು. ಹುಡುಗಿ ಅವಳ ಬಲಗೈಯ ತೋರುಬೆರಳನ್ನು ಹಿಡಿದು ಪರ್ಸಿನ ತಳದ ಅಂಚಿಗೆ ತಂದಿಟ್ಟು, ತನ್ನ ಕೈ ತೆಗೆದಳು. "ಮೇಲಕ್ಕೆ ಸವರ್ತಾ ಹೋಗಿ. ಸಿಕ್ಕಿದ್ದು ಹೇಳಿ."

"ಏನೂ ತಿಳೀತಿಲ್ಲ."

"ನಿಧಾನ. ನನಗೇನು ಅರ್ಜೆಂಟಿಲ್ಲ."

ಬೆರಳು ಹೋಗಿ ನಿಂತಿತು. ಹಿಂದೆ ಬಂತು. ಮತ್ತೆ ಹೋಯಿತು.

"ಏನೋ ಇದೆ," ಅಂದಳು ಪರ್ಸಕ್ಕ. "ಗಂಟು."

"ಮುಂದೆ?"

"ಗಂಟು. ಇದೂ ಗಂಟು. ಇದೂ... ಅಯ್ಯೋ, ಎಷ್ಟು ಬಿಗಿದಿದ್ದೀರ್ರೀ ಪುಣ್ಯಾತ್ಮ!"

ಡ್ರೈವರಣ್ಣ ತಲೆ ತಗ್ಗಿಸಿದ. ಬೆರಳು ಒಂದೊಂದೇ ಸಾಲು ಏರುತ್ತ ಪರ್ಸಿನ ಮಧ್ಯಕ್ಕೆ ಬಂತು. ಅಲ್ಲಿ ತಡವಿತು, ಅತ್ತಿತ್ತ ಹುಡುಕಿತು.

"ಇಲ್ಲ."

"ಏನಿಲ್ಲ ಆಂಟಿ?"

"ಗಂಟಿಲ್ಲ. ನುಣ್ಣಗಿದೆ." ಬೆರಳು ಇನ್ನೂ ಮೇಲೆ ಹೋಯಿತು, ಪರ್ಸಿನ ಬಾಯಿಯವರೆಗೂ ಹೋಯಿತು. "ಎಲ್ಲೂ ಇಲ್ಲ. ಇದು ನಾನು ದಾರ ಅಡಗಿಸೋ ರೀತಿ. ಇಲ್ಲಿಂದ ಮೇಲೆ ನಂದೇ."

"ಅಂಕಲ್‌ಗೆ ಹೀಗೆ ದಾರ ಅಡಗಿಸೋಕೆ ಬರುತ್ತಾ?"

"ಅವರಿಗಾ? ಅವರ ಮುಖ."

"ಹಾಗಾದ್ರೆ ಮೇಲಿನ ಅರ್ಧ ಯಾರದ್ದು ಅಂತ ಕೇಳೋದೇ ಬೇಡ. ನಾನು ಕೇಳೋದು ಬೇರೆ." ಹುಡುಗಿಯ ದನಿ ಒಡೆಯಿತು. "ಕಣ್ಣು ಮುಚ್ಕೊಂಡಿದ್ದೀರಿ ಆಂಟಿ. ಗಂಟು ಎಲ್ಲಿದೆ, ಎಲ್ಲಿಲ್ಲ ಅಂತ ಹೇಗೆ ಗೊತ್ತಾಯ್ತು?"

ಪರ್ಸಕ್ಕ ಕಣ್ಣು ತೆರೆದಳು. ತನ್ನ ಬಲಗೈಯ ಬೆರಳನ್ನು ನೋಡಿದಳು. ಹೆಬ್ಬೆರಳಿನಿಂದ ಅದರ ತುದಿಯನ್ನು ತಿಕ್ಕಿದಳು, ಮತ್ತೆ ತಿಕ್ಕಿದಳು. ಆಮೇಲೆ ಆ ಕೈಯನ್ನು ಎತ್ತಿ ಹುಡುಗಿಯ ಕೆನ್ನೆಯ ಮೇಲಿಟ್ಟಳು.

"ಒದ್ದೆಯಾಗಿದೆ," ಅಂದಳು. "ರೀ, ಇವಳ ಕೆನ್ನೆ ಒದ್ದೆಯಾಗಿರೋದು ಗೊತ್ತಾಗ್ತಿದೆ."

ಮೂವರೂ ಅತ್ತರು. ಅದರಲ್ಲಿ ಮುಚ್ಚಿಡುವುದೇನಿದೆ? ಅಳಬೇಕಾದ ವಿಷಯವೇ. ಮೊದಲು ಸುಧಾರಿಸಿಕೊಂಡವಳು ಪರ್ಸಕ್ಕ. ಡ್ರಾಯರಿನಿಂದ ಲೈನಿಂಗ್ ತರಿಸಿದಳು, ಮುದುರಿದ್ದನ್ನು ಕೈಯಲ್ಲೇ ತೀಡಿದಳು. ತಳ ಹೊಲಿದು ಮುಚ್ಚಿ, ಪರ್ಸನ್ನು ಸರಿಮಗ್ಗುಲಿಗೆ ತಿರುಗಿಸಿ, ಬಟ್ಟೆಯನ್ನು ಒಳಗಿಳಿಸಿದಳು. ಲೈನಿಂಗು ಪರ್ಸಿಗಿಂತ ಕೂದಲೆಳೆಯಷ್ಟು ಚಿಕ್ಕದಿತ್ತು. ಅಳತೆ ತಪ್ಪಿತೇ ಅಂತ ಹುಡುಗಿ ಕೇಳಿದಳು. "ಬೇಕಂತಲೇ ಹಾಗೆ ಪುಟ್ಟಿ. ನೀನು ಒಳಗೆ ಏನು ತುಂಬಿದ್ರೂ ಭಾರ ಬಟ್ಟೆ ಮೇಲೆ ಬೀಳ್ಬೇಕು. ಮಣಿ ಮೇಲೆ ಬಿದ್ರೆ ದಾರ ಹರಿಯುತ್ತೆ." ಬಾಯಿಯ ಅಂಚಿನುದ್ದಕ್ಕೂ ಸೂಜಿ ನಿಧಾನವಾಗಿ ನಡೆಯಿತು. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ. ಡ್ರೈವರಣ್ಣ ಕೈ ಕಟ್ಟಿಕೊಂಡೇ ನೋಡಿದ. ಅದನ್ನು ನೆಟ್ಟಗೆ ಮಾಡಬೇಕು ಅಂತ ಅವನಿಗೆ ಅನ್ನಿಸಲೇ ಇಲ್ಲ.

ಬಟನ್ ಹಚ್ಚಿಯಾದ ಮೇಲೆ ಹುಡುಗಿ ಕೈ ಚಾಚಿದಳು. ಪರ್ಸಕ್ಕ ಕೊಡಲಿಲ್ಲ.

"ಇರು, ಒಂದು ಮಾತಿದೆ. ಇದು ಪೂರ್ತಿ ನಂದು ಅಂತ ತಿಳ್ಕೋಬೇಡ. ಕೆಳಗಿನ ಅರ್ಧ ಇವರದ್ದು. ಇವರೂ ನಿನಗೆ ಹೇಳ್ಬೇಕು ಹೇಳ್ಬೇಕು ಅಂತ ಒದ್ದಾಡ್ತಿದ್ರು, ಬಾಯಿ ಬರ್ತಿರಲಿಲ್ಲ. ನೀನು ಬಂದು ಹೋದ ದಿನವೆಲ್ಲ ಅಡುಗೆಮನೇಲಿ ನಲ್ಲಿ ಬಿಟ್ಕೊಂಡು ಅಳ್ತಿದ್ರು."

ಡ್ರೈವರಣ್ಣ ಬೆಚ್ಚಿ ತಲೆಯೆತ್ತಿದ. "ನಿಂಗೆ ಹೇಗೆ ಗೊತ್ತು?"

"ಲಕ್ವ ಹೊಡೆದಿದ್ದು ಕೈಗೆ. ಕಿವಿಗಲ್ಲ."

ಹುಡುಗಿ ನಕ್ಕುಬಿಟ್ಟಳು. ಡ್ರೈವರಣ್ಣ ಎದ್ದು ನಿಂತ. ಕಟ್ಟಿದ ಕೈ ಬಿಚ್ಚಿದ, ಎಲ್ಲಿಡಬೇಕೆಂದು ತಿಳಿಯದೆ ಜೋಡಿಸಿದ.

"ಇವಳನ್ನ ನನಗೆ ವಾಪಸ್ ಕೊಟ್ಟೆ ಕಣಮ್ಮ," ಅಂದ. "ಬೈಯೋಕೆ ಬಾಯಿ ಕೊಟ್ಟೆ, ನನ್ನ ಕಳ್ಳತನ ಹಿಡಿಯೋಕೆ ಕೈ ಕೊಟ್ಟೆ. ನೀನು ಎಲ್ಲೇ ಇರು, ತಣ್ಣಗಿರು ತಾಯಿ."

"ಅಬ್ಬಾ, ಅಂತೂ ಬಾಯಿ ಬಿಟ್ರು," ಅಂದಳು ಪರ್ಸಕ್ಕ. ಆಮೇಲೆ ಎಡಗೈಯನ್ನು ಬೇಕೆಂದೇ ಸೆರಗಿನೊಳಗಿಟ್ಟುಕೊಂಡು, ಪರ್ಸನ್ನು ಬಲಗೈಯಲ್ಲಿ ಎತ್ತಿದಳು. ಕೈ ನಡುಗಿತು. ಯಾರೂ ಆಸರೆ ಕೊಡಲು ಹೋಗಲಿಲ್ಲ. ಹುಡುಗಿ ಎರಡೂ ಅಂಗೈ ಒಡ್ಡಿ ಕಾದಳು, ಪರ್ಸಕ್ಕ ತಂದು ಅದರಲ್ಲಿಟ್ಟಳು.